ಫೋರ್ಕ್ ಕೇಳೋಕೆ ನಾಚಿಕೆ ಯಾಕೆ?

ಲಾಸ್ ಏಂಜಲೀಸ್‌ನ ಲಿಟಲ್ ಟೋಕಿಯೋದಲ್ಲೋ, ಸ್ಯಾನ್ ಡಿಯಾಗೋದ ಕಾನ್ವಾಯ್ ಸ್ಟ್ರೀಟ್‌ನಲ್ಲೋ ನಮ್ಮ ಕನ್ನಡದವರು ನಾಲ್ಕು ಜನ ಊಟಕ್ಕೆ ಕೂತರೆ ಸಾಕು, ಯಾರೂ ಬಾಯಿಬಿಟ್ಟು ಹೇಳದ ಒಂದು ಪರೀಕ್ಷೆ ಶುರುವಾಗುತ್ತೆ. ಚಾಪ್‌ಸ್ಟಿಕ್ಸ್ ಹಿಡಿಯೋಕೆ ಬಂದವರು ಪಾಸ್, ಅಮೆರಿಕಕ್ಕೆ ಪಳಗಿದವರು. ಬಾರದವರು ಇನ್ನೂ ಊರಿನ ಗುಂಗಲ್ಲೇ ಇರೋರು. ಹೋದ ತಿಂಗಳು ಎಂಎಸ್ ಮಾಡೋಕೆ ಬಂದ ಹುಡುಗ ನೂಡಲ್ಸ್ ಜೊತೆ ಗುದ್ದಾಡಿ ಅರ್ಧ ಹೊಟ್ಟೇಲಿ ಎದ್ದುಬಿಡ್ತಾನೆ, ಫೋರ್ಕ್ ಮಾತ್ರ ಕೇಳಲ್ಲ. ಮಗಳ ಮನೆಗೆ ಬಂದ ಅಮ್ಮ "ನಂಗೆ ಹಸಿವಿಲ್ಲ ಬಿಡು" ಅಂತಾರೆ. ನಾವು ಅದನ್ನ ನಂಬಿದ ಹಾಗೆ ನಟಿಸ್ತೀವಿ.

ಈ ಪರೀಕ್ಷೆಯನ್ನ ನಾನು ಶಿಷ್ಟಾಚಾರ ಅಂತ ಒಪ್ಪಲ್ಲ. ಊಟಕ್ಕೆ ಕರೆದವರನ್ನ ಹಸಿದು ಎದ್ದೇಳೋ ಹಾಗೆ ಮಾಡೋದು ಯಾವ ದೇಶದ ಮರ್ಯಾದೆ?

ಇನ್ನೊಂದು ತಮಾಷೆ ನೋಡಿ. ಇದೇ ಮೇಜಿನಲ್ಲಿ ನಾವು ಸರ್ವರ್‌ನ ಐದು ನಿಮಿಷ ನಿಲ್ಲಿಸಿಕೊಂಡು "ಸೂಪಲ್ಲಿ ಮೀನಿದೆಯಾ, ಸಾಸಲ್ಲಿ ಆಯ್ಸ್ಟರ್ ಇದೆಯಾ, ನೂಡಲ್ಸಿಗೆ ಮೊಟ್ಟೆ ಹಾಕ್ತೀರಾ" ಅಂತ ಪಾಟೀಸವಾಲು ಹಾಕ್ತೀವಿ. ಅದಕ್ಕೆ ಒಂಚೂರೂ ಸಂಕೋಚ ಇಲ್ಲ. ಒಂದು ಫೋರ್ಕ್ ಕೇಳೋಕೆ ಮಾತ್ರ ನಾಲಿಗೆ ಏಳಲ್ಲ.

ಅಷ್ಟಕ್ಕೂ ಈ ಪರೀಕ್ಷೆಯ ಪಠ್ಯವೇ ತಪ್ಪು. ಈಸ್ಟ್ ಹಾಲಿವುಡ್‌ನಲ್ಲಿ 1999ರಲ್ಲಿ ಅಧಿಕೃತ ಹೆಸರು ಪಡೆದ ಥಾಯ್ ಟೌನ್ ಇದೆ. ಥಾಯ್ ಜನ ಅನ್ನ ತಿನ್ನೋದು ಚಮಚದಲ್ಲಿ. ಎಡಗೈಯ ಫೋರ್ಕ್ ಇರೋದು ಅನ್ನವನ್ನ ಚಮಚಕ್ಕೆ ತಳ್ಳೋಕೆ. ಚಾಪ್‌ಸ್ಟಿಕ್ಸ್ ಅವರಲ್ಲಿ ಹೆಚ್ಚಾಗಿ ನೂಡಲ್ಸಿಗೆ ಮಾತ್ರ. ನಮ್ಮವರು ಅಲ್ಲಿ ಹೋಗಿ ಗ್ರೀನ್ ಕರಿಗೆ ಚಾಪ್‌ಸ್ಟಿಕ್ಸ್ ಕೇಳ್ತಾರೆ! ಕೊರಿಯಾಟೌನ್‌ಗೆ ಬನ್ನಿ: ಕೊರಿಯನ್ನರು ಅನ್ನಕ್ಕೂ ಸಾರಿಗೂ ಚಮಚ ಹಿಡೀತಾರೆ, ಲೋಹದ ಕಡ್ಡಿಗಳು ಪಕ್ಕದ ಪಲ್ಯಗಳಿಗೆ. ಜಪಾನಿನಲ್ಲಿ ಬಟ್ಟಲು ಎತ್ತಿ ಹಿಡಿಯೋದು ಸರಿ, ಕೊರಿಯಾದಲ್ಲಿ ಅದು ಮೇಜಿನ ಮೇಲೇ ಇರಬೇಕು. ಇನ್ನು ನಿಗಿರಿ ಸುಶಿಯನ್ನ ಜಪಾನಿನಲ್ಲೇ ಕೈಯಲ್ಲಿ ತಿನ್ನಬಹುದು. ಕಣ್ಣಿಗೆ ಬಿದ್ದ ಒಂದೇ ಲಕ್ಷಣ ಹಿಡಿದು ಇಡೀ ಏಷ್ಯಾವನ್ನ ಒಂದೇ ಡಬ್ಬಕ್ಕೆ ಹಾಕೋ ಇಂಥ ಮಾಡೆಲ್ ನಮ್ಮ ಟೀಮಿನ ಮೊದಲ ರಿವ್ಯೂ ಕೂಡ ದಾಟಲ್ಲ.

"ಬೇರೆಯವರ ಸಂಸ್ಕೃತಿಗೆ ಗೌರವ ಕೊಡಬೇಡವಾ?" ಅಂತ ನೀವು ಕೇಳಬಹುದು. ಖಂಡಿತ ಕೊಡಿ. ಆದರೆ ಆ ಗೌರವಕ್ಕೆ ಬೆರಳಿನ ಕಸರತ್ತು ಬೇಕಿಲ್ಲ. ಚಾಪ್‌ಸ್ಟಿಕ್ಸನ್ನ ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಅದು ಸತ್ತವರ ಮುಂದೆ ಇಡೋ ಅನ್ನದ ರೀತಿ. ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬೇಡಿ. ಜಪಾನಿನಲ್ಲಿ ದಹನದ ನಂತರ ಮೂಳೆಗಳನ್ನ ಹಾಗೆ ದಾಟಿಸ್ತಾರೆ. ಎಲ್ಲರಿಗೂ ಸೇರಿದ ತಟ್ಟೆಯಲ್ಲಿ ಕೆದಕಬೇಡಿ, ಬಡಿಸಿಕೊಳ್ಳೋಕೆ ಬೇರೆ ಚಮಚ ಕೇಳಿ. ಇದರಲ್ಲಿ ಒಂದಾದರೂ ನಮಗೆ ಹೊಸದಾ? ಎಂಜಲು ಅಂದರೇನು ಅಂತ ಗೊತ್ತಿರೋರಿಗೆ, ತಿಥಿ ಊಟದ ರೀತಿಯನ್ನ ಮದುವೆ ಊಟಕ್ಕೆ ತರಬಾರದು ಅಂತ ಅಜ್ಜಿಯಿಂದ ಬೈಸಿಕೊಂಡೋರಿಗೆ, ಇದೆಲ್ಲ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತೆ. ಕಡ್ಡಿ ಹಿಡಿಯೋದರಲ್ಲಿ ಪಂಟರ್ ಆಗಿ ಅದನ್ನೇ ಮಾತಿನ ಮಧ್ಯೆ ಅನ್ನಕ್ಕೆ ಚುಚ್ಚಿ ಕೂರೋನಿಗಿಂತ, ಫೋರ್ಕಲ್ಲಿ ತಿಂದರೂ ಇಷ್ಟನ್ನ ತಿಳಿದೋನು ಒಳ್ಳೆ ಅತಿಥಿ.

ಕಲೀಬೇಡಿ ಅಂತ ನಾನು ಹೇಳ್ತಿಲ್ಲ. ಮನೆಯಲ್ಲಿ ಹುರಿದ ಕಡಲೆಕಾಯಿ ಬೀಜ ಹರಡಿಕೊಂಡು ಒಂದೊಂದೇ ಎತ್ತಿ ಕಲೀರಿ, ಮಜಾ ಇರುತ್ತೆ. ಕಲಿತದ್ದನ್ನ ಇನ್ನೊಬ್ಬರನ್ನ ಅಳೆಯೋ ಕೋಲು ಮಾಡ್ಕೋಬೇಡಿ, ಅಷ್ಟೇ.

ಯಾಕಂದರೆ ಈ ಕೋಲಿನ ಪೆಟ್ಟು ನಮಗೂ ಬಿದ್ದಿದೆ. 2025ರಲ್ಲಿ ಜೊಹ್ರಾನ್ ಮಮ್ದಾನಿ ಕೈಯಲ್ಲಿ ಅನ್ನ ತಿನ್ನೋ ವಿಡಿಯೋ ನೋಡಿ ಟೆಕ್ಸಾಸ್‌ನ ಸಂಸದ ಬ್ರ್ಯಾಂಡನ್ ಗಿಲ್, ಅಮೆರಿಕದ ನಾಗರಿಕ ಜನ ಹೀಗೆ ತಿನ್ನಲ್ಲ ಅಂತ ಬರೆದರು. ಆಗ ನಮ್ಮ ವಾಟ್ಸಾಪ್ ಗುಂಪುಗಳಿಗೆಲ್ಲ ಬೆಂಕಿ ಬಿತ್ತು. ಬೀಳಲೇಬೇಕಿತ್ತು. ಬಿಸಿಬೇಳೆಬಾತ್ ಕಲಸಿ ತಿನ್ನೋ ಕೈಗೆ ಯಾರ ಸರ್ಟಿಫಿಕೇಟೂ ಬೇಡ. ಆದರೆ ಗಿಲ್ ಮಾಡಿದ್ದೇನು? ಒಬ್ಬ ಮನುಷ್ಯ ತುತ್ತು ಎತ್ತೋ ರೀತಿ ನೋಡಿ ಅವನು ಈ ದೇಶಕ್ಕೆ ಲಾಯಕ್ಕೋ ಅಲ್ಲವೋ ಅಂತ ತೀರ್ಪು ಕೊಟ್ಟರು. ರಾಮೆನ್ ಮುಂದೆ ತಡಕಾಡೋ ಹುಡುಗನನ್ನ ನೋಡಿ ಮುಸಿಮುಸಿ ನಗೋವಾಗ ನಾವು ಕೊಡ್ತಿರೋದೂ ಅದೇ ತೀರ್ಪು. ಅವರದು ದ್ವೇಷ, ನಮ್ಮದು ಬರೀ ಜೋಕು ಅಂತ ತಪ್ಪಿಸಿಕೊಳ್ಳಬಹುದು. ಅರ್ಧ ಹೊಟ್ಟೇಲಿ ಎದ್ದವನಿಗೆ ಆ ವ್ಯತ್ಯಾಸದಿಂದ ಹೊಟ್ಟೆ ತುಂಬಲ್ಲ.

ಹಾಗಾಗಿ ಮುಂದಿನ ಸಲ ಹೊಸಬರನ್ನೋ, ಊರಿಂದ ಬಂದ ಹಿರಿಯರನ್ನೋ ಕರ್ಕೊಂಡು ಕಾನ್ವಾಯ್ ಸ್ಟ್ರೀಟಿಗೆ ಹೋದಾಗ ಒಂದು ಕೆಲಸ ಮಾಡಿ. ಆರ್ಡರ್ ಕೊಡೋವಾಗಲೇ, ಯಾರೂ ಕೇಳೋ ಮುಂಚೆ, "ಮೇಜಿಗೆ ನಾಲ್ಕು ಫೋರ್ಕು ಕೊಡಿ" ಅಂತ ನೀವೇ ಹೇಳಿ. ನಿಮಗೆ ಚಾಪ್‌ಸ್ಟಿಕ್ಸ್ ಎಷ್ಟೇ ಚೆನ್ನಾಗಿ ಬರಲಿ, ಆವತ್ತು ಮೊದಲ ಫೋರ್ಕ್ ನೀವೇ ಎತ್ತಿಕೊಳ್ಳಿ.