ಒಂದು ಮತದ ತೂಕ

ಅಕ್ಕಿಯನ್ನು ಅಳೆಯುವಾಗ ಕಾಳೊಂದು ನೆಲಕ್ಕೆ ಬಿದ್ದರೆ ಅದನ್ನು ಹೆಕ್ಕಿ ಮೊರಕ್ಕೆ ಹಾಕುವುದು ನಮ್ಮ ಗೃಹಿಣಿಯರ ವಾಡಿಕೆ. ಒಂದು ಕಾಳಿನಿಂದ ಯಾರ ಹೊಟ್ಟೆಯೂ ತುಂಬದೆಂಬುದನ್ನು ಅವರು ಅರಿಯದವರಲ್ಲ. ಅಲ್ಪವಾದುದನ್ನು ಅನಾದರ ಮಾಡಬಾರದೆಂಬ ಹಿರಿಯರ ವಿವೇಕವು ಆ ಆಚಾರದಲ್ಲಿ ಅಡಗಿರುವುದು. ಪ್ರಜಾಪ್ರಭುತ್ವದಲ್ಲಿ ಅಂತಹ ಕಾಳೊಂದು ಎಷ್ಟು ತೂಗಬಲ್ಲದೆಂಬುದಕ್ಕೆ ನಮ್ಮ ಸೀಮೆಯ ದಿವಂಗತ ಆರ್. ಧ್ರುವನಾರಾಯಣರ ರಾಜಕೀಯ ಜೀವನವು ಉತ್ತಮ ನಿದರ್ಶನವಾಗಿರುವುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ಚಾಮರಾಜನಗರದ ಬಳಿಯ ಹೆಗ್ಗವಾಡಿಯಲ್ಲಿ ೧೯೬೧ರಲ್ಲಿ ಜನಿಸಿದ ಇವರು ಕೃಷಿವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದವರು. ೨೦೦೪ರಲ್ಲಿ ಕಾಂಗ್ರೆಸ್ ಪಕ್ಷದಿಂದ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ನಿಂತರು. ಯಳಂದೂರು ಸೀಮೆಯು ಆಗ ಆ ಕ್ಷೇತ್ರಕ್ಕೇ ಸೇರಿತ್ತು. ಎದುರಿಗೆ ಜನತಾದಳದಿಂದ ನಿಂತವರು, ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಪುತ್ರರಾದ ಎ. ಆರ್. ಕೃಷ್ಣಮೂರ್ತಿಯವರು. ಎಣಿಕೆ ಮುಗಿದಾಗ ಧ್ರುವನಾರಾಯಣರಿಗೆ ೪೦,೭೫೨ ಮತಗಳು, ಕೃಷ್ಣಮೂರ್ತಿಯವರಿಗೆ ೪೦,೭೫೧! ಸೋತವರ ವಾಹನಚಾಲಕನಿಗೇ ಅಂದು ಮತಗಟ್ಟೆಗೆ ಹೋಗಲಾಗಲಿಲ್ಲವೆಂಬ ಮಾತು ಊರೂರುಗಳಲ್ಲಿ ಹಬ್ಬಿ ವೃತ್ತಪತ್ರಿಕೆಗಳಲ್ಲಿಯೂ ಬಂದಿತು. ಅದು ದಿಟವೋ ಕಟ್ಟುಕಥೆಯೋ, ಅದರೊಳಗಣ ನೀತಿ ಮಾತ್ರ ಸುಳ್ಳಲ್ಲ: ನಮ್ಮ ಹೊಸ್ತಿಲಲ್ಲಿಯೇ ದುಡಿಯುವವನ ಮತವನ್ನು ನಾವು ಎಷ್ಟು ಬಾರಿ ಮರೆತಿರುವೆವು!

ಇದೊಂದು ಕಾಕತಾಲೀಯವೆಂದು ತಳ್ಳಿಬಿಡುವಂತೆಯೂ ಇಲ್ಲ. ೧೯೯೯ರ ಏಪ್ರಿಲ್ ೧೭ರಂದು ಲೋಕಸಭೆಯಲ್ಲಿ ವಾಜಪೇಯಿಯವರ ಸರ್ಕಾರವು ೨೬೯ಕ್ಕೆ ೨೭೦ ಮತಗಳಿಂದ ಉರುಳಿತು. ೨೦೦೮ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ. ಪಿ. ಜೋಶಿಯವರು ಒಂದೇ ಮತದಿಂದ ಸೋತರು. ಛಂದಸ್ಸಿನಲ್ಲಿ ಒಂದು ಮಾತ್ರೆ ತಪ್ಪಿದರೆ ಪಾದವೇ ಕೆಡುವಂತೆ, ಇಲ್ಲಿಯೂ ಒಂದರ ಲೋಪದಿಂದ ಇಡೀ ರಚನೆಯೇ ಬದಲಾಗುವುದು.

೨೦೦೮ರ ಕ್ಷೇತ್ರವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವು ಅಳಿದು, ಯಳಂದೂರು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಧ್ರುವನಾರಾಯಣರು ಅಲ್ಲಿಂದ ಮತ್ತೆ ಶಾಸಕರಾಗಿ, ಮರುವರ್ಷವೇ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ನಿಂತರು. ಭಾರತೀಯ ಜನತಾ ಪಕ್ಷವನ್ನು ಸೇರಿದ್ದ ಕೃಷ್ಣಮೂರ್ತಿಯವರೇ ಪುನಃ ಎದುರಾಳಿಗಳು. ಈ ಸಲ ಗೆಲುವಿನ ಅಂತರ ೪,೦೦೨. ೨೦೧೪ರಲ್ಲಿ ಅದೇ ಇಬ್ಬರ ನಡುವೆ ೧,೪೧,೧೮೨. ಆದರೆ ೨೦೧೯ರಲ್ಲಿ ಹಿರಿಯರಾದ ವಿ. ಶ್ರೀನಿವಾಸ ಪ್ರಸಾದರ ಎದುರು ೧,೮೧೭ ಮತಗಳಿಂದ ಸೋಲಾಯಿತು. ವಾಚಕರು ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಗೆದ್ದ ೨೦೧೪ರಲ್ಲಿ ಅವರಿಗೆ ಬಂದವು ೫,೬೭,೭೮೨ ಮತಗಳು, ಸೋತ ೨೦೧೯ರಲ್ಲಿ ೫,೬೬,೭೨೦. ತಮ್ಮವೆಂದು ನಂಬಿದ ಮತಗಳು ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಆಚೆಯ ತಟ್ಟೆಯು ತುಂಬಿತು. ತಮ್ಮವರನ್ನು ಉಳಿಸಿಕೊಂಡರಷ್ಟೇ ಸಾಲದು, ತಮ್ಮವರಲ್ಲದವರ ಮನಸ್ಸೂ ಎಣಿಕೆಗೆ ಬರುವುದೆಂದು ಈ ಅಂಕಿಗಳು ಸಾರುತ್ತಿರುವುವು.

ಹಾಗಾದರೆ ಮತವೊಂದರ ಋಣವು ಮತದಾರನಿಗೆ ಮಾತ್ರವೇ? ಎಂದಿಗೂ ಅಲ್ಲ. ಒಂದೇ ಮತದಿಂದ ಗೆದ್ದವನು, ತನ್ನನ್ನು ಒಲ್ಲದ ೪೦,೭೫೧ ಮಂದಿಗೂ ಪ್ರತಿನಿಧಿಯಷ್ಟೆ. ಈ ಎರಡನೆಯ ಋಣವು ತೀರದಿದ್ದಾಗ ಏನಾಗುವುದೆಂಬುದನ್ನು ಹನೂರು ತಾಲ್ಲೂಕಿನ ಕಾಡಂಚಿನಲ್ಲಿ ಕಂಡೆವು. ೨೦೨೪ರ ಏಪ್ರಿಲ್ ೨೬ರಂದು ಮಲೆಮಹದೇಶ್ವರ ಬೆಟ್ಟದ ಬಳಿಯ ಇಂಡಿಗನತ್ತದಲ್ಲಿ, ರಸ್ತೆ, ನೀರು ಮೊದಲಾದ ಸೌಕರ್ಯಗಳಿಲ್ಲವೆಂದು ಚುನಾವಣೆಯನ್ನು ಬಹಿಷ್ಕರಿಸಿದ್ದ ಗ್ರಾಮಸ್ಥರಿಗೂ ಅಧಿಕಾರಿಗಳಿಗೂ ಘರ್ಷಣೆಯಾಗಿ ಮತಯಂತ್ರವೇ ಧ್ವಂಸವಾಯಿತು. ೨೯ರಂದು ಮರುಮತದಾನ ನಡೆದಾಗಲೂ ಬಂದವರು ಕೆಲವರು ಮಾತ್ರ. ಆ ಹಿಂಸೆಯನ್ನು ನಾವು ಒಪ್ಪಲಾರೆವು. ಆದರೆ ಮತಗಟ್ಟೆಯು ಊರಿಗೆ ಬರಬಲ್ಲುದಾದರೆ ನೀರೇಕೆ ಬರಲೊಲ್ಲದು ಎಂಬ ಅವರ ಪ್ರಶ್ನೆಗೆ ಉತ್ತರ ಕೊಡದೆ ಮತದ ಮಹಿಮೆಯನ್ನು ಬೋಧಿಸಹೊರಟರೆ, ಅದು ಹಸಿದವನಿಗೆ ಪಥ್ಯ ಹೇಳಿದಂತಾಗುವುದು.

ಧ್ರುವನಾರಾಯಣರು ೨೦೨೩ರ ಮಾರ್ಚ್ ೧೧ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅದಕ್ಕೂ ಮೊದಲೇ ಕೃಷ್ಣಮೂರ್ತಿಯವರು ಅವರದೇ ಪಕ್ಷಕ್ಕೆ ಬಂದಿದ್ದರು. ಆ ವರ್ಷ ಮೇ ತಿಂಗಳ ಚುನಾವಣೆಯಲ್ಲಿ, ಒಮ್ಮೆ ಒಂದೇ ಮತದಿಂದ ಸೋತಿದ್ದ ಅವರು ಅದೇ ಕೊಳ್ಳೇಗಾಲ ಕ್ಷೇತ್ರದಿಂದ ಐವತ್ತು ಸಾವಿರಕ್ಕೂ ಮಿಗಿಲಾದ ಅಂತರದಿಂದ ಗೆದ್ದರು. ಧ್ರುವನಾರಾಯಣರ ಪುತ್ರ ದರ್ಶನರು ನಂಜನಗೂಡಿನಿಂದ ಆರಿಸಿಬಂದರು. ಹೀಗಿರಲು, ಇವರಿಗಾಗಿ ಊರೊಳಗೆ ಮಾತು ಬಿಟ್ಟುಕೊಂಡ ನೆರೆಹೊರೆಯವರು ಯಾವ ಲಾಭವನ್ನು ಕಂಡರು? ನಾಯಕರು ಕೂಡಿಕೊಂಡ ಮೇಲೂ ಬೀದಿಯಲ್ಲಿ ಹಗೆಯು ಉಳಿದರೆ ಅದು ನಮ್ಮದೇ ಅವಿವೇಕ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮತದಾನದ ದಿನ ಮನೆಯ ವೃದ್ಧರನ್ನು ಕೈಹಿಡಿದು ಕರೆದೊಯ್ಯಿರಿ. ಮನೆಗೆಲಸದವರಿಗೂ ಹೊಲದ ಆಳಿಗೂ ಬಿಡುವು ಕೊಟ್ಟು, ಯಾರಿಗೆ ಹಾಕಿದೆಯೆಂದು ಕೇಳದಿರಿ. ಮರುದಿನದಿಂದ, ಗೆದ್ದವರು ನಿಮ್ಮವರಾಗಲಿ ಅಲ್ಲದಿರಲಿ, ಅವರನ್ನು ಕೆಲಸ ಕೇಳುವುದಕ್ಕೆ ಸಂಕೋಚಪಡದಿರಿ.