ಟ್ರಾಕ್ಟರಿಗಿಂತ ಮೊದಲು ಸೌದೆಮನೆ

ಈಚೆಗೆ ನಮ್ಮ ಸಂಘದ ಕೂಟಗಳಲ್ಲಿ ಊಟದ ಪಂಕ್ತಿಯ ಮಾತುಕತೆ ಸ್ವಲ್ಪ ಬದಲಾಗಿದೆ. ಮನೆಯ ಬೆಲೆ, ವೀಸಾ, ಮಕ್ಕಳ ಶಾಲೆ ಇವುಗಳ ಜೊತೆಗೆ ಡುವಾಲ್, ಕಾರ್ನೇಷನ್, ಮನ್ರೋ ಕಡೆ ಒಂದೆರಡು ಎಕರೆ ಜಾಗ ಕೊಂಡವರ ಅನುಭವಗಳೂ ಕೇಳಿಬರುತ್ತಿವೆ. ಜಾಗದ ಹಿಂದೆ ಮರ, ಮರದ ಹಿಂದೆ ಸೌದೆ, ಸೌದೆಯ ಹಿಂದೆ ಟ್ರಾಕ್ಟರು! “ಸಣ್ಣ ಟ್ರಾಕ್ಟರು ಕೊಳ್ಳಬೇಕೆಂದಿದ್ದೇವೆ, ಕುಬೋಟಾ ಒಳ್ಳೆಯದೋ ನಮ್ಮ ಮಹೀಂದ್ರವೋ?” ಎಂದು ಕೇಳುವ ಮಿತ್ರರು ಹೆಚ್ಚುತ್ತಿದ್ದಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ: ತಂದ ಸೌದೆ ಒಣಗುವುದೆಲ್ಲಿ?

ಈ ಆಸಕ್ತಿಗೆ ಕಾರಣವಿಲ್ಲದಿಲ್ಲ. 2024ರ ನವೆಂಬರ್ 19ರ ಬಿರುಗಾಳಿಯನ್ನು ಯಾರೂ ಮರೆತಿಲ್ಲ. ಪಶ್ಚಿಮ ವಾಷಿಂಗ್ಟನ್ನಿನಲ್ಲಿ ಸುಮಾರು 6 ಲಕ್ಷ ಗ್ರಾಹಕರಿಗೆ ವಿದ್ಯುತ್ ನಿಂತಿತು. ಬೆಲ್‌ವ್ಯೂ, ಇಸಾಕ್ವಾ, ಸಮ್ಮಾಮಿಶ್ ಕಡೆಯ ಅನೇಕ ಮನೆಗಳಲ್ಲಿ ದಿನಗಟ್ಟಲೆ ಕತ್ತಲೆ. ಗ್ಯಾಸ್ ಇದ್ದರೂ ಬಿಸಿಗಾಳಿ ದೂಡುವ ಫ್ಯಾನಿಗೆ ವಿದ್ಯುತ್ ಬೇಕಷ್ಟೆ. ಅಂಥ ರಾತ್ರಿಯಲ್ಲಿ ಒಂದು ಸೌದೆ ಒಲೆ, ಹಿತ್ತಲಲ್ಲಿ ಬಿದ್ದ ಮರ, ಅದನ್ನು ಎಳೆತರಲು ಟ್ರಾಕ್ಟರು ಇದ್ದಿದ್ದರೆ ಎನಿಸುವುದು ಸಹಜ. ಆದರೆ ನಿನ್ನೆ ಬಿದ್ದ ಮರ ಇಂದಿನ ಒಲೆಗೆ ಬರುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಟ್ರಾಕ್ಟರಿನ ಉಪಯೋಗವನ್ನು ನಾವು ಅಲ್ಲಗಳೆಯುತ್ತಿಲ್ಲ. ಅರ್ಧ ಮೀಟರ್ ದಪ್ಪ, ಎರಡೂವರೆ ಮೀಟರ್ ಉದ್ದದ ಡಗ್ಲಸ್ ಫರ್ ದಿಮ್ಮಿ ಹಸಿಯಾಗಿದ್ದಾಗ 300 ಕಿಲೋ ತೂಗುತ್ತದೆ. ಅದನ್ನು ಕೆಸರಿನಲ್ಲಿ ಉರುಳಿಸಿಕೊಂಡು ಬರುವುದು ಕಂಪ್ಯೂಟರಿನ ಮುಂದೆ ಕೂತು ಬಗ್ಗಿದ ಬೆನ್ನುಗಳ ಕೆಲಸವಲ್ಲ. ಹಿಂದಿನ ಕೊಂಡಿಗೆ ವಿಂಚ್ ಜೋಡಿಸಿದರೆ ಟ್ರಾಕ್ಟರು ಗಟ್ಟಿ ನೆಲದ ಮೇಲೆ ನಿಂತಲ್ಲಿಂದಲೇ ಉಕ್ಕಿನ ಹಗ್ಗದಿಂದ ದಿಮ್ಮಿಯನ್ನು ಹೊರಗೆಳೆಯುತ್ತದೆ. ಮುಂದಿನ ಲೋಡರಿಗೆ ಹಿಡಿಕೊಕ್ಕೆ ಹಾಕಿದರೆ ಎತ್ತಿ ಒಯ್ಯುತ್ತದೆ. ಹೈಡ್ರಾಲಿಕ್ ಸ್ಪ್ಲಿಟರ್ ಇದ್ದರೆ ಕೊಡಲಿಗೆ ಬಗ್ಗದ ಗಂಟುಗಂಟಾದ ಮೇಪಲ್ ತುಂಡೂ ಸೀಳುತ್ತದೆ. ಒಂದು ವಾರದ ದುಡಿತ ಒಂದು ಶನಿವಾರಕ್ಕೆ ಇಳಿಯುತ್ತದೆ.

ಅದು ಮಾಡಲಾರದ ಕೆಲಸ ಒಂದೇ. ಅದು ಸೌದೆಯನ್ನು ಒಣಗಿಸಲಾರದು.

ಪ್ರಯೋಗಾಲಯದಲ್ಲಿ ದಿನ ಕಳೆಯುವವರಾದ್ದರಿಂದ ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇವೆ. 100 ಕಿಲೋ ಹಸಿ ಸೌದೆಯಲ್ಲಿ ಅರ್ಧದಷ್ಟು, ಅಂದರೆ 50 ಕಿಲೋ ನೀರು ಎಂದಿಟ್ಟುಕೊಳ್ಳಿ. ಒಂದು ಗ್ರಾಂ ನೀರನ್ನು ಕುದಿಬಿಂದುವಿಗೆ ಏರಿಸಲು ಸುಮಾರು 90 ಕ್ಯಾಲೊರಿ, ಆಮೇಲೆ ಆವಿಯಾಗಿಸಲು 540 ಕ್ಯಾಲೊರಿ ಬೇಕು. 50 ಕಿಲೋಗೆ ಒಟ್ಟು 31,500 ಕಿಲೋಕ್ಯಾಲೊರಿ. ಉಳಿದ 50 ಕಿಲೋ ಮರ ಪೂರ್ತಿ ಉರಿದರೆ ಕೊಡುವುದು ಸುಮಾರು 2,20,000. ಏಳರಲ್ಲಿ ಒಂದು ಪಾಲು ನೀರಿಗೇ ಹೋಯಿತು. ನಿಜವಾದ ನಷ್ಟ ಇದಕ್ಕಿಂತ ದೊಡ್ಡದು. ನೀರು ಬೆಂಕಿಯನ್ನು ತಣ್ಣಗಿಡುತ್ತದೆ. ತಣ್ಣನೆಯ ಬೆಂಕಿಯಲ್ಲಿ ಮರದಿಂದ ಹೊರಟ ಅನಿಲಗಳು ಉರಿಯದೆ ಹಾಗೆಯೇ ಹೊಗೆಯಾಗಿ ಹೋಗುತ್ತವೆ. ಅವುಗಳಲ್ಲಿ ಒಂದಷ್ಟು ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟಿ, ಮುಂದೊಂದು ದಿನ ಚಿಮಣಿಯೇ ಹೊತ್ತಿಕೊಳ್ಳಲು ಕಾರಣವಾಗುತ್ತದೆ. ಹಸಿ ಸೌದೆ ಇಟ್ಟ ಬಚ್ಚಲ ಒಲೆಯ ಮುಂದೆ ಊದುಕೊಳವೆ ಹಿಡಿದು ಕಣ್ಣೀರು ಸುರಿಸಿದ ನಮ್ಮ ಅಜ್ಜಿಯಂದಿರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಹೊಗೆ ನಮ್ಮ ಬೇಲಿಯೊಳಗೆ ನಿಲ್ಲುವುದೂ ಇಲ್ಲ. ಗಾಳಿಯಾಡದ ಚಳಿದಿನಗಳಲ್ಲಿ ಇಲ್ಲಿನ ಕಣಿವೆಗಳಲ್ಲಿ ಅದು ಮುಚ್ಚಳ ಹಾಕಿದಂತೆ ನೆಲದ ಮಟ್ಟದಲ್ಲೇ ಕೂರುತ್ತದೆ. ಪಕ್ಕದ ಮನೆಯ ಉಬ್ಬಸದ ಮಗು, ಊರಿನಿಂದ ಬಂದ ನಮ್ಮದೇ ಅಪ್ಪ ಅಮ್ಮ ಅದನ್ನು ಉಸಿರಾಡುತ್ತಾರೆ. ಅದಕ್ಕಾಗಿಯೇ 20 ಪ್ರತಿಶತಕ್ಕಿಂತ ಹೆಚ್ಚು ತೇವವಿರುವ ಸೌದೆ ಉರಿಸುವುದು ವಾಷಿಂಗ್ಟನ್ ರಾಜ್ಯದ ನಿಯಮಕ್ಕೆ ವಿರುದ್ಧ. ಪ್ಯೂಜೆಟ್ ಸೌಂಡ್ ಕ್ಲೀನ್ ಏರ್ ಏಜೆನ್ಸಿ ಮೊದಲ ಹಂತದ ನಿಷೇಧ ಹೊರಡಿಸಿದಾಗ ಹಳೆಯ ಅಗ್ಗಿಷ್ಟಿಕೆ ಹಾಗೂ ಪ್ರಮಾಣಪತ್ರವಿಲ್ಲದ ಒಲೆಗಳನ್ನು ಹಚ್ಚುವಂತಿಲ್ಲ. ಎರಡನೆಯ ಹಂತದಲ್ಲಿ ಪ್ರಮಾಣಿತ ಒಲೆಗಳಿಗೂ ರಜೆ. ಸೌದೆಯ ಹೊರತು ಬೇರೆ ಶಾಖವೇ ಇಲ್ಲದ ಮನೆಗಳಿಗೆ, ಒಪ್ಪಿಗೆ ಪಡೆದಿದ್ದರೆ ಮಾತ್ರ, ವಿನಾಯಿತಿ.

ಸೌದೆಯ ಸಮಸ್ಯೆಗೆ ಉತ್ತರ ಹೆಚ್ಚು ಸೌದೆಯಲ್ಲ, ಚೆನ್ನಾಗಿ ಉರಿಸುವುದು ಎಂಬ ಪಾಠ ನಮ್ಮ ನಾಡಿನಲ್ಲೇ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು ‘ಅಸ್ತ್ರ’ವನ್ನು ಆರಂಭಿಸಿದರು. ಅವರು ಮೂಲತಃ ವಿದ್ಯುದ್ರಸಾಯನ ಶಾಸ್ತ್ರಜ್ಞರು. ಅವರೂ ಅವರ ಸಂಗಡಿಗರೂ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಒಂದು ಮನೆಗೆ ಎಷ್ಟು ಸೌದೆ ಬೇಕು, ಅದನ್ನು ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು. ಗಾಳಿ ಸರಿಯಾಗಿ ಆಡುವಂತೆ ಜಾಲರಿಯೂ, ಹೊಗೆ ಹೊರಹೋಗಲು ಚಿಮಣಿಯೂ ಇದ್ದ ಅಸ್ತ್ರ ಒಲೆ ಬಂದದ್ದು ಅದೇ ಸಂಸ್ಥೆಯಿಂದ. ಪ್ರಯೋಗಾಲಯದವರು ಒಲೆಯ ಮುಂದೆ ಕೂತು ಯೋಚಿಸಿದ್ದು ಸಣ್ಣ ಮಾತಲ್ಲ.

ಇನ್ನು ಹಣದ ಮಾತು. ಲೋಡರ್ ಸಹಿತ ಹೊಸ ಸಣ್ಣ ಟ್ರಾಕ್ಟರಿಗೆ ಸುಮಾರು 20,000 ಡಾಲರ್, ಜೋಡಣೆಗಳು ಬೇರೆ. ಸೀಳಿದ ಸೌದೆಯನ್ನು ಕಾರ್ಡಿಗೆ, ಅಂದರೆ 128 ಘನ ಅಡಿಗೆ, 400 ಡಾಲರಿನಂತೆ ಕೊಂಡರೂ ಆ ದುಡ್ಡಿಗೆ 50 ಕಾರ್ಡ್ ಬರುತ್ತದೆ. ವರ್ಷಕ್ಕೆ ಎರಡು ಕಾರ್ಡ್ ಉರಿಸುವ ಮನೆಗೆ ಅದು 25 ವರ್ಷದ ಸೌದೆ. ಹೊಲ, ರಸ್ತೆ, ಹಿಮದ ಕೆಲಸ ಇದ್ದವರಿಗೆ ಟ್ರಾಕ್ಟರು ಸರಿ. ಬರೇ ಸೌದೆಗಾಗಿ ಮನೆಗೊಂದು ಟ್ರಾಕ್ಟರು ಎಂದರೆ ಮೊಸರಿಗಾಗಿ ಎಮ್ಮೆ ಕಟ್ಟಿದಂತೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮೂರು ನಾಲ್ಕು ಮನೆಗಳು ಸೇರಿ ಟ್ರಾಕ್ಟರನ್ನು ದಿನದ ಬಾಡಿಗೆಗೆ ತಂದು ಸರದಿಯ ಮೇಲೆ ದುಡಿದರೆ ಸಾಕಲ್ಲವೆ?

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆವು. ದಿಮ್ಮಿಯ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ ಟ್ರಾಕ್ಟರು ಮುಂಗಾಲೆತ್ತಿ, ಒಂದೆರಡು ಸೆಕೆಂಡುಗಳಲ್ಲಿ ಹಿಂದಕ್ಕೆ ಮಗುಚಿ ಬೀಳಬಲ್ಲದು. ಕೆಳಗಿನ ಕೊಂಡಿಗೇ ಕಟ್ಟಬೇಕು. ಭಾರವನ್ನು ನೆಲಕ್ಕೆ ಹತ್ತಿರವಾಗಿಯೇ ಒಯ್ಯಬೇಕು. ತಲೆಯ ಮೇಲಿನ ರಕ್ಷಣಾ ಚೌಕಟ್ಟನ್ನು ಎತ್ತಿ ನಿಲ್ಲಿಸಿ ಸೀಟ್ ಬೆಲ್ಟ್ ಹಾಕಿಕೊಳ್ಳಬೇಕು. ಹಿಂದಿನ ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ ಒಂಬತ್ತು, ತಿರುಗುತ್ತದೆ. ಅದರ ಬಳಿ ಶಾಲು, ದುಪ್ಪಟ್ಟ, ಸೆರಗು ಸುಳಿಯಕೂಡದು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸವಾರಿ ಮಾಡಿಸುವ ಆಸೆಯನ್ನು ದಯವಿಟ್ಟು ಬಿಡಿ.

ನಮ್ಮ ಸಲಹೆ ಇಷ್ಟೆ. ಮಲೆನಾಡಿನವರು ಮಳೆ ಹಿಡಿಯುವ ಮೊದಲೇ ಸೌದೆ ಕೊಟ್ಟಿಗೆ ತುಂಬುತ್ತಾರೆ. ಇಲ್ಲಿಯೂ ಮಳೆ ಅಕ್ಟೋಬರಿನಿಂದ ಹಿಡಿದರೆ ಬಿಡುವುದು ವಸಂತ ಕಳೆದ ಮೇಲೆ; ಒಣಗುವ ಕಾಲ ಬೇಸಿಗೆಯ ಕೆಲವೇ ತಿಂಗಳು. ಈ ವರ್ಷ ಮೇಲೆ ಮಾಡು, ನಾಲ್ಕೂ ಕಡೆ ಗಾಳಿಯಾಡುವ ಒಂದು ಸೌದೆಮನೆ ಕಟ್ಟಿ. ಚಳಿಗಾಲದಲ್ಲಿ ಬಿದ್ದ ಮರವನ್ನು ವಸಂತದೊಳಗೆ ಸೀಳಿ, ನೆಲದಿಂದ ಮೇಲೆತ್ತಿ ಪೇರಿಸಿ, ಬೇಸಿಗೆಯ ಬಿಸಿಲುಗಾಳಿಗೆ ಬಿಡಿ. ಮೂವತ್ತು ಡಾಲರಿನ ತೇವಮಾಪಕವನ್ನು ಹೊಸದಾಗಿ ಸೀಳಿದ ಮುಖಕ್ಕೆ ಚುಚ್ಚಿ ನೋಡಿ. 20ರ ಕೆಳಗೆ ಇಳಿಯದಿದ್ದರೆ ಇನ್ನೊಂದು ಬೇಸಿಗೆ ಕಾಯಲಿ. ಮುಂದಿನ ಬಿರುಗಾಳಿಯ ರಾತ್ರಿ ಮನೆಯನ್ನು ಬೆಚ್ಚಗಿಡುವುದು ಷೆಡ್ಡಿನಲ್ಲಿ ನಿಂತ ಟ್ರಾಕ್ಟರಲ್ಲ, ಹಿಂದಿನ ವರ್ಷ ಒಟ್ಟಿದ ಒಣ ಸೌದೆ.

ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿತ ಬರೆಯಲಿ. ಒಪ್ಪಿದವರು ಮುಂದಿನ ಕೂಟದಲ್ಲಿ ಸಿಕ್ಕಾಗ ಹೆಸರು ಕೊಡಲಿ. ಮುಯ್ಯಾಳಿನ ಪಟ್ಟಿ ಅಲ್ಲಿಂದಲೇ ಶುರುವಾಗಲಿ.