ಪರಸಬಾಗ ಮನೆಯಲ್ಲೇ ಆಗಲಿ

ದೀಪಾವಳಿ ರಜೆ ಮುಗಿಸಿ ಶಾಲೆಯ ಬೀಗ ತೆಗೆದಾಗ ನಮ್ಮ ಪರಸಬಾಗ ಪೂರ್ತಿ ಒಣಗಿತ್ತು. ಮಳೆಗಾಲದಲ್ಲಿ ಮಕ್ಕಳು ಹಚ್ಚಿದ ಬದನೆ, ಮೆಣಸಿನ ಗಿಡಗಳಿಗೆ ರಜೆಯಲ್ಲಿ ನೀರು ಹಾಕುವವರು ಇರಲಿಲ್ಲ. ತಪ್ಪು ನಮ್ಮದೇ. ಶಾಲೆಗಳಲ್ಲಿ ಪೋಷಣ ಉದ್ಯಾನ ಮಾಡಿರೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಬಿಸಿಯೂಟದ ಖಿಚಡಿಗೆ ನಾಲ್ಕು ಎಲೆ ತಾಜಾ ಸೊಪ್ಪು ಬೀಳಲಿ ಎಂಬುದಕ್ಕೆ ಯಾರ ತಕರಾರು? ಆದರೆ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಕಾಯಿಪಲ್ಲೆಯ ನಿಜವಾದ ಹಂಗಾಮು ಚಳಿಗಾಲ. ಅದು ಶುರುವಾಗುವ ಹೊತ್ತಿಗೇ ಶಾಲೆಗೆ ರಜೆ. ಅದಕ್ಕೆ ನಾವು ಹೇಳುವುದಿಷ್ಟೇ: ಶಾಲೆಯಲ್ಲಿ ಒಂದು ಮಡಿ ಇರಲಿ, ಉಳಿದದ್ದು ಮಕ್ಕಳ ಮನೆಗೆ ಹೋಗಲಿ.

"ಜಾಗ ಎಲ್ಲೈತ್ರಿ ಸರ?" ಎನ್ನುತ್ತಾರೆ ಪಾಲಕರು. ಹಳೆಯ ಬುಟ್ಟಿ, ಒಡೆದ ಕೊಡ, ಸಿಮೆಂಟ್ ಚೀಲ ಸಾಕು. ತಳಕ್ಕೆ ತೂತು ಬೇಕು. ನಮ್ಮ ಎರೆಮಣ್ಣನ್ನಷ್ಟೇ ತುಂಬಿದರೆ ನೀರು ನಿಲ್ಲುತ್ತದೆ, ಒಣಗಿದರೆ ಬಿರಿಯುತ್ತದೆ. ಕೊಳೆತ ಸಗಣಿ ಗೊಬ್ಬರ, ಸ್ವಲ್ಪ ಉಸುಕು ಕೂಡಿಸಿರಿ. ಬೀಜಕ್ಕೆ ಪೇಟೆಗೆ ಹೋಗಬೇಕಿಲ್ಲ. ಅಡಿಗೆಮನೆ ಡಬ್ಬಿಯ ಮೆಂತ್ಯೆ ಬಿತ್ತಿದರೆ ತಿಂಗಳೊಳಗೆ ಪಲ್ಲೆ. ಕೊತ್ತಂಬರಿ ಕಾಳನ್ನು ಮಾತ್ರ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಬೇಕು. ಮೂಲಂಗಿಗೆ ಸುಮಾರು 40 ದಿನ. ಗಜ್ಜರಿ ಮೂರು ತಿಂಗಳು ಕಾಯಿಸುತ್ತದೆ, ಸಣ್ಣ ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿಯದು! ಡಿಸೆಂಬರ್ ಎರಡನೇ ವಾರ ಮೆಂತ್ಯೆ ಬಿತ್ತಿದವರು ಸಂಕ್ರಾಂತಿಯ ಹಿಂದಿನ ಭೋಗಿ ದಿನ ಸಜ್ಜಿ ರೊಟ್ಟಿಯ ಜೊತೆಗಿನ ಪಲ್ಲೆಗೆ ತಮ್ಮದೇ ತಪ್ಪಲು ಹಾಕಬಹುದು.

ಇನ್ನು ನೀರು. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ದಿನಗಳನ್ನು ಸೊಲ್ಲಾಪುರದಲ್ಲಿ ಕಂಡವರು ನಾವು. ಗಿಡಕ್ಕೆಂದು ಒಂದು ಕೊಡ ಎತ್ತಿಡಿರೆಂದು ಯಾವ ತಾಯಿಗೂ ಹೇಳುವ ಧೈರ್ಯ ನಮಗಿಲ್ಲ. ಅಕ್ಕಿ, ಬೇಳೆ ತೊಳೆದ ನೀರು ಎರಡು ಬುಟ್ಟಿಗೆ ಸಾಲುತ್ತದೆ. ಸೋಪಿನ ನೀರು ಬೇಡ. ಚಳಿಯಲ್ಲಿ ಮಣ್ಣು ಬೇಗ ಆರುವುದಿಲ್ಲ. ಮಾರ್ಚಿಗೆ ಈ ಲೆಕ್ಕ ನಡೆಯದು.

ನಮಗೆ ಇನ್ನೊಂದು ಆಸೆಯೂ ಇದೆ. ನಮ್ಮ ಮಕ್ಕಳು ಸಂತೆಯಲ್ಲಿ ಗಾಜರ್, ಕಾಂದಾ ಎನ್ನುತ್ತಾರೆ. ಬೆಂಗಳೂರಿನ ಪುಸ್ತಕ ಕ್ಯಾರೆಟ್, ಈರುಳ್ಳಿ ಎನ್ನುತ್ತದೆ. ಗಜ್ಜರಿ, ಉಳ್ಳಾಗಡ್ಡಿ, ಹಕ್ಕರಕಿ ಎಂಬ ಮಾತುಗಳು ಅಜ್ಜಿಯರ ಬಾಯಲ್ಲಿ ಉಳಿದಿವೆ. ಮರಾಠಿ ಬೇಡವೆಂದಲ್ಲ, ಅದಿಲ್ಲದೆ ಇಲ್ಲಿ ಬಾಳುವೆ ನಡೆಯದು. ಆದರೆ ಕಡಲೆಯ ಕುಡಿ ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆಂದು ಮೊಮ್ಮಗನಿಗೆ ತೋರಿಸಬಲ್ಲವಳು ಅಜ್ಜಿ, ನಾವಲ್ಲ.

ಕಳೆದ ವರ್ಷ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ತನ್ನ ಬುಟ್ಟಿಯ ಮೆಂತ್ಯೆಯನ್ನು ಕಾಗದದಲ್ಲಿ ಸುತ್ತಿ ತಂದಳು. ವಹಿಯಲ್ಲಿ ಬಿತ್ತಿದ ತಾರೀಖು, ಕಿತ್ತ ತಾರೀಖು ಎರಡೂ ಬರೆದಿದ್ದಳು. ಈ ಸಲ ಪ್ರತಿ ಮಗುವಿನ ಕೈಯಲ್ಲೂ ಒಂದು ಹಿಡಿ ಮೆಂತ್ಯೆ ಕಾಳು ಕೊಟ್ಟು ಕಳಿಸುತ್ತಿದ್ದೇವೆ.